ನಿಮಗಿದು ಗೊತ್ತೇ? ಇರುವ ಊರು, ಇರುವ ಸುಖ

ಉಯ್ಯಂಬಳ್ಳಿಯ ಹಿರಿಯರು ಊರು ಬಿಟ್ಟು ಕದಲದೆಯೇ ನಾಲ್ಕು ಜಿಲ್ಲೆಗಳ ನಿವಾಸಿಗಳಾಗಿದ್ದಾರೆ! ಮೊದಲು ಬೆಂಗಳೂರು, 1986ರಲ್ಲಿ ಬೆಂಗಳೂರು ಗ್ರಾಮಾಂತರ, 2007ರಲ್ಲಿ ರಾಮನಗರ, 2025ರಲ್ಲಿ ಬೆಂಗಳೂರು ದಕ್ಷಿಣ. ಕನಕಪುರ ತಾಲ್ಲೂಕಿನ ಈ ಹೋಬಳಿಯ ಹೆಸರು ಕೇಳದವರೂ ಸಂಗಮ, ಮೇಕೆದಾಟು ನೋಡಿರುತ್ತಾರೆ. ಅರ್ಕಾವತಿ ಕಾವೇರಿಯನ್ನು ಕೂಡುವುದು ಇಲ್ಲೇ.

ಸುಖವನ್ನು ಅಳೆಯುವುದು ಏಣಿಯಿಂದ! ಕೆಳಗೆ ಸೊನ್ನೆ, ಮೇಲೆ ಹತ್ತು. ನಿಮ್ಮ ಬದುಕು ಎಷ್ಟನೇ ಮೆಟ್ಟಿಲಲ್ಲಿದೆ? ಮನಶ್ಶಾಸ್ತ್ರಜ್ಞ ಹ್ಯಾಡ್ಲಿ ಕ್ಯಾಂಟ್ರಿಲ್ 1965ರಲ್ಲಿ ಪ್ರಕಟಿಸಿದ ಈ ಪ್ರಶ್ನೆಯನ್ನೇ ವಿಶ್ವ ಸಂತೋಷ ವರದಿ ಇಂದಿಗೂ ನೆಚ್ಚಿಕೊಂಡಿದೆ. 2018ರಿಂದ 2025ರವರೆಗೆ ಸತತ ಎಂಟು ವರ್ಷ ಫಿನ್ಲೆಂಡ್ ಮೊದಲು. 2025ರಲ್ಲಿ 147 ದೇಶಗಳ ಪೈಕಿ ಭಾರತ 118ನೆಯದು.

ಹಳ್ಳಿಯವರೇ ಸುಖಿಗಳು ಎಂಬ ಮಾತನ್ನು ಅದೇ ವರದಿಯ 2020ರ ಸಂಚಿಕೆ ಒಪ್ಪುವುದಿಲ್ಲ. ಹೆಚ್ಚಿನ ದೇಶಗಳಲ್ಲಿ ಪೇಟೆಯವರೇ ಮೇಲಿನ ಮೆಟ್ಟಿಲಲ್ಲಿದ್ದಾರೆ. ಪಶ್ಚಿಮ ಯುರೋಪಿನಂಥ ಸಿರಿವಂತ ನಾಡುಗಳಲ್ಲಿ ಮಾತ್ರ ಈ ಅಂತರ ಅಳಿಸಿಹೋಗುತ್ತದೆ, ಕೆಲವೆಡೆ ತಿರುಗುಮುರುಗಾಗುತ್ತದೆ. ನನಗನ್ನಿಸುವುದು ಇಷ್ಟು: ನಮ್ಮ ಹಳ್ಳಿಗಳಿಗೆ ಹೊಗಳಿಕೆಯ ಕೊರತೆ ಯಾವತ್ತೂ ಇರಲಿಲ್ಲ. ಇರುವ ಕೊರತೆ ಹೊತ್ತಿಗೆ ಬರುವ ಬಸ್ಸಿನದು, ರಾತ್ರಿ ಬಾಗಿಲು ತೆರೆದಿರುವ ಆಸ್ಪತ್ರೆಯದು.

ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ವರ್ಷವಿಡೀ ಹಿತವಾದ ಹವೆ. ಅಲ್ಲಿನವರು ನಮಗಿಂತ ಸುಖಿಗಳು ಎಂದೇ ಅದೇ ದೇಶದ ಚಳಿಸೀಮೆಯ ವಿದ್ಯಾರ್ಥಿಗಳು ನಂಬಿದ್ದರು. ಡೇವಿಡ್ ಶ್ಕೇಡ್ ಮತ್ತು ಡೇನಿಯಲ್ ಕಾನೆಮನ್ 1998ರಲ್ಲಿ ಎರಡೂ ಕಡೆಯವರನ್ನು ಕೇಳಿ ನೋಡಿದರೆ, ತಮ್ಮ ತಮ್ಮ ಬದುಕಿನ ಬಗೆಗಿನ ತೃಪ್ತಿಯಲ್ಲಿ ವ್ಯತ್ಯಾಸವೇ ಇರಲಿಲ್ಲ! ಊರು ಬದಲಿಸುವಾಗ ಕಣ್ಣಿಗೆ ಎದ್ದು ಕಾಣುವ ಒಂದನ್ನೇ ನಾವು ತೂಗುತ್ತೇವೆ. ಬೆಂಗಳೂರು ಸೇರಿದರೆ ಸಾಕು ಎನ್ನುವ ಇಲ್ಲಿನ ಹುಡುಗರೂ, ಹೊಳೆದಡದಲ್ಲಿ ಒಂದು ತೋಟ ಮಾಡಿದರೆ ಸಾಕು ಎನ್ನುವ ಅಲ್ಲಿನ ನೌಕರರೂ ಇದನ್ನು ಓದಬೇಕು.

ಕೆಲಸಕ್ಕೆ ಹೋಗಿಬರುವ ದಾರಿ ಉದ್ದವಾದಷ್ಟೂ ತೃಪ್ತಿ ಇಳಿಯುತ್ತದೆ. ಜರ್ಮನಿಯ ಕುಟುಂಬಗಳ ಮಾಹಿತಿ ಹಿಡಿದು ಸ್ಟಟ್ಸರ್ ಮತ್ತು ಫ್ರೇ ಇದನ್ನು ತೋರಿಸಿದರು. ಹೆಚ್ಚಿನ ಸಂಬಳವಾಗಲಿ ಅಗ್ಗದ ಬಾಡಿಗೆಯಾಗಲಿ ಆ ನಷ್ಟವನ್ನು ತುಂಬಿಕೊಡಲಿಲ್ಲ.

ಪಕ್ಕದವರ ಆದಾಯ ಏರಿದರೆ ನಮ್ಮ ಸುಖ ಇಳಿಯುತ್ತದೆ! ಅಮೆರಿಕದಲ್ಲಿ ಅರ್ಥಶಾಸ್ತ್ರಜ್ಞ ಎರ್ಜೊ ಲುಟ್ಮರ್ 2005ರಲ್ಲಿ ಕಂಡದ್ದು ಇದು.

ಮರ ನೋಡಿದರೆ ಗಾಯ ಬೇಗ ಮಾಯುತ್ತದೆಯೇ? ಪೆನ್ಸಿಲ್ವೇನಿಯಾದ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ 46 ರೋಗಿಗಳ ದಾಖಲೆಯನ್ನು ರೋಜರ್ ಉಲ್ರಿಚ್ ಹೋಲಿಸಿದರು. ಕಿಟಕಿಯಾಚೆ ಮರ ಕಂಡವರು ಇಟ್ಟಿಗೆ ಗೋಡೆ ಕಂಡವರಿಗಿಂತ ಬೇಗ ಮನೆಗೆ ಹೋದರು, ತೀವ್ರ ನೋವುನಿವಾರಕಗಳನ್ನೂ ಕಡಿಮೆ ತೆಗೆದುಕೊಂಡರು. 1984ರಲ್ಲಿ ಅದು ವರದಿಯಾಗುವಷ್ಟರಲ್ಲಿ ನಮ್ಮದೇ ಜಿಲ್ಲೆಯ ಮಾಗಡಿ ತಾಲ್ಲೂಕಿನ ಹುಲಿಕಲ್–ಕುದೂರು ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕ ದಂಪತಿ ನೆಟ್ಟ ಆಲಗಳು ನೆರಳು ಕೊಡುತ್ತಿದ್ದವು. 385 ಮರಗಳು! ಶಾಲೆಯ ಮೆಟ್ಟಿಲು ಹತ್ತದ ಆಕೆಗೆ ಸಂಶೋಧನೆಯ ಪುರಾವೆ ಬೇಕಾಗಿರಲಿಲ್ಲ.

ಆದರೆ ಒಂದೇ ಕಾಡು ಎಲ್ಲರಿಗೂ ಒಂದೇ ಸುಖ ಕೊಡುವುದಿಲ್ಲ. ಉಯ್ಯಂಬಳ್ಳಿ ಸೀಮೆಗೆ ಅಂಟಿಕೊಂಡಿರುವ ಕಾವೇರಿ ವನ್ಯಜೀವಿಧಾಮ ಘೋಷಣೆಯಾದದ್ದು 1987ರಲ್ಲಿ. ಹೊಳೆದಂಡೆಯ ಹೊಳೆಮತ್ತಿ ಮರಗಳು, ಬೇರೆಡೆ ಅಪರೂಪವಾದ ಬೂದುಬಣ್ಣದ ದೊಡ್ಡ ಅಳಿಲು, ಆನೆಗಳ ಹಿಂಡು ಎಲ್ಲವೂ ಇಲ್ಲಿವೆ. ಭಾನುವಾರ ಬಂದವರಿಗೆ ಆನೆ ಕಂಡರೆ ಪುಣ್ಯ. ರಾಗಿ ತೆನೆ ಬಲಿಯುವ ಕಾಲಕ್ಕೆ ಅದೇ ಆನೆ ಹೊಲಕ್ಕಿಳಿದರೆ ರೈತನ ವರ್ಷದ ಅನ್ನ ಒಂದು ರಾತ್ರಿಯಲ್ಲಿ ನೆಲಸಮ. ಅಟ್ಟಣೆ ಮೇಲೆ ಕಾವಲು ಕೂತವನಿಗೆ ನಿದ್ದೆಯಿಲ್ಲ, ಮನೆಯಲ್ಲಿ ಕಾಯುವವಳಿಗೂ ಇಲ್ಲ. ಬೆಳೆನಾಶಕ್ಕೆ ಪರಿಹಾರದ ಅರ್ಜಿ ಇದೆ. ಕಳೆದ ನಿದ್ದೆಯನ್ನು ಬರೆಯಲು ಅದರಲ್ಲಿ ಜಾಗವಿಲ್ಲ. ಕಾಡಂಚಿನ ಊರಿನ ಸುಖವನ್ನು ಗಾಳಿ, ಹಸಿರುಗಳಿಂದಷ್ಟೇ ಅಳೆಯುವುದು ಅನ್ಯಾಯ.

ಪ್ರಸ್ತಾವಿತ ಮೇಕೆದಾಟು ಅಣೆಕಟ್ಟು ಯೋಜನೆಯ ಸಾಮರ್ಥ್ಯ 67.16 ಟಿಎಂಸಿ ಅಡಿ. ಮುಳುಗುವ ಪ್ರದೇಶ ಸುಮಾರು 5,000 ಹೆಕ್ಟೇರ್, ಬಹುಪಾಲು ಕಾಡು. ಹೊಳೆದಡದ ಕೆಲವು ಊರುಗಳೂ ಅದರಲ್ಲಿ ಸೇರಿವೆ. ಊರು ಕಳೆದುಕೊಂಡವರ ಸುಖ ಏನಾಗುತ್ತದೆ? ಬಾಸ್ಟನ್ ನಗರದ ವೆಸ್ಟ್ ಎಂಡ್ ಬಡಾವಣೆಯನ್ನು 1950ರ ದಶಕದ ಕೊನೆಯಲ್ಲಿ ಕೆಡವಿ ಜನರನ್ನು ಎಬ್ಬಿಸಿದಾಗ, ಹಾಗೆ ಮನೆ ಕಳೆದುಕೊಂಡವರನ್ನು ಸಂಶೋಧಕ ಮಾರ್ಕ್ ಫ್ರೈಡ್ ಹುಡುಕಿ ಮಾತಾಡಿಸಿದರು. ಸತ್ತವರಿಗಾಗಿ ಅಳುವಂತೆ ಅವರು ಮನೆಗಾಗಿ ಅಳುತ್ತಿದ್ದರು ಎಂದು 1963ರಲ್ಲಿ ಬರೆದರು. ಎರಡು ವರ್ಷ ಕಳೆದರೂ ಹಲವರ ದುಃಖ ಆರಿರಲಿಲ್ಲ. ಬೀದಿಬೀದಿಯನ್ನೂ ಬಲ್ಲವರು, ಅಲ್ಲಿನ ಬದುಕನ್ನು ಮೆಚ್ಚಿದ್ದವರು ಎಲ್ಲರಿಗಿಂತ ಹೆಚ್ಚು ನೊಂದಿದ್ದರು.