ಹದಿನೆಂಟು ತುಂಬಿದೆಯೇ? ಅಂತರಜಾಲದಲ್ಲಿ ವಯಸ್ಸಿನ ಪರಿಶೀಲನೆ

ಕಳೆದ ಬೇಸಿಗೆ ರಜೆಯಲ್ಲಿ, ಹತ್ತನೆಯ ತರಗತಿಗೆ ಹೋಗಲಿದ್ದ ನನ್ನ ಸೋದರಳಿಯ ಹುದುಗುವಿಕೆಯ ಬಗ್ಗೆ ಒಂದು ಪ್ರಾಜೆಕ್ಟ್ ಸಿದ್ಧಪಡಿಸುತ್ತಿದ್ದ. ಯೀಸ್ಟ್ ಎಂಬ ಏಕಕೋಶ ಜೀವಿ ಸಕ್ಕರೆಯನ್ನು ಆಲ್ಕೊಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್‌ಗಳಾಗಿ ಬದಲಾಯಿಸುವುದನ್ನು ತೋರಿಸುವ ಚಿತ್ರ ಅವನಿಗೆ ಬೇಕಿತ್ತು. ಹುಡುಕುತ್ತ ಹೋದವನು ಬಿಯರ್ ತಯಾರಕರೊಬ್ಬರ ಜಾಲತಾಣದ ಮುಂದೆ ನಿಂತ. ಪುಟ ತೆರೆಯುವ ಮೊದಲೇ ಪರದೆಯ ಮೇಲೆ ಒಂದು ಪ್ರಶ್ನೆ ಬಂತು: ನೀವು ಹುಟ್ಟಿದ ದಿನ, ತಿಂಗಳು, ವರ್ಷ ಯಾವುದು? ಹುಡುಗ ಒಂದು ಕ್ಷಣವೂ ತಡೆಯದೆ ಮೂರು ಚೌಕಗಳನ್ನು ತುಂಬಿದ. ಪುಟ ತೆರೆದುಕೊಂಡಿತು.

"ಏನು ಬರೆದೆಯೋ?" ಎಂದು ಕೇಳಿದೆ.

"ನೀವು ಹುಟ್ಟಿದ ದಿನ ಹಾಕಿದೆ ಮಾವ. ನನ್ನದು ಹಾಕಿದರೆ ಒಳಗೆ ಬಿಡೋದಿಲ್ಲ" ಎಂದ.

ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. ಆಮೇಲೆ ಯೋಚಿಸಿದಾಗ, ಆ ಒಂದು ಉತ್ತರದಲ್ಲಿ ಇಡೀ ಸಮಸ್ಯೆ ಅಡಗಿದೆ ಎನ್ನಿಸಿತು. ಒಳಗೆ ಬಂದ ಹುಡುಗನ ವಯಸ್ಸು ಆ ತಾಣಕ್ಕೆ ತಿಳಿಯಲಿಲ್ಲ. ಅತ್ತ ಸುಳಿಯದ ನನ್ನ ನಿಜವಾದ ಜನ್ಮದಿನಾಂಕ ಮಾತ್ರ ಅದರ ಕೈಗೆ ಸಿಕ್ಕಿತು. ತಿಳಿಯಬೇಕಾದದ್ದು ತಿಳಿಯದೆ, ತಿಳಿಯಬೇಕಾಗಿಲ್ಲದ್ದು ತಿಳಿಯುವ ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ? ಇದಕ್ಕಿಂತ ಉತ್ತಮವಾದ ದಾರಿ ಇದೆಯೇ?

ಈ ಪ್ರಶ್ನೆ ಏಕೆ?

ಮದ್ಯ ಕೊಳ್ಳಲು ಅಥವಾ ಕುಡಿಯಲು ಕನಿಷ್ಠ ವಯಸ್ಸನ್ನು ಹೆಚ್ಚಿನ ದೇಶಗಳು ಕಾನೂನಿನಲ್ಲಿ ನಿಗದಿಪಡಿಸಿವೆ. ಆದರೆ ಅದು ಎಲ್ಲೆಡೆ ಒಂದೇ ಅಲ್ಲ. ಜರ್ಮನಿಯಲ್ಲಿ ಬಿಯರ್ ಮತ್ತು ವೈನ್‌ಗೆ 16 ವರ್ಷವಾದರೆ, ಬಟ್ಟಿ ಇಳಿಸಿದ ಮದ್ಯಕ್ಕೆ 18. ಅಮೆರಿಕದಲ್ಲಿ 1984ರ ಕಾಯಿದೆಯ ನಂತರ ಎಲ್ಲ ರಾಜ್ಯಗಳೂ 21ಕ್ಕೆ ಬಂದವು. ನಮ್ಮ ದೇಶದಲ್ಲಿ ಇದು ರಾಜ್ಯಗಳಿಗೆ ಸೇರಿದ ವಿಷಯ: ಗೋವಾದಲ್ಲಿ 18, ಕೇರಳದಲ್ಲಿ 23, ಗುಜರಾತ್ ಮತ್ತು ಬಿಹಾರಗಳಲ್ಲಿ ಪಾನನಿಷೇಧವೇ ಇದೆ. ಆದುದರಿಂದಲೇ ಅನೇಕ ತಾಣಗಳು ಮೊದಲು ದೇಶ ಯಾವುದೆಂದು ಕೇಳಿ, ಆಮೇಲೆ ಹುಟ್ಟಿದ ದಿನ ಕೇಳುತ್ತವೆ.

ಅಂಗಡಿಯಲ್ಲಾದರೆ ಗಲ್ಲಾದಲ್ಲಿ ಕುಳಿತವನು ಎದುರಿಗೆ ನಿಂತವನ ಮುಖ ನೋಡುತ್ತಾನೆ. ಅಂತರಜಾಲದಲ್ಲಿ ಆ ನೋಟವಿಲ್ಲ. ಈ ಕೊರತೆಯನ್ನು ತುಂಬಲು ಮದ್ಯ ತಯಾರಕರ ಸಂಘಗಳು ತಮ್ಮ ಜಾಹೀರಾತು ಸಂಹಿತೆಗಳಲ್ಲಿ ಈ ಪ್ರಶ್ನೆಯನ್ನು ಸೇರಿಸಿಕೊಂಡವು. ಅಂದರೆ ಅನೇಕ ಕಡೆ ಇದು ಉದ್ಯಮ ತಾನೇ ಹಾಕಿಕೊಂಡ ನಿಯಮ.

ಬಾಗಿಲು ಹೇಗೆ ತೆರೆಯುತ್ತದೆ?

ನೀವು ವಿಳಾಸವನ್ನು ಟೈಪ್ ಮಾಡಿದಾಗ ಬ್ರೌಸರ್ ದೂರದ ಸರ್ವರ್‌ಗೆ ಒಂದು ಕೋರಿಕೆ ಕಳುಹಿಸುತ್ತದೆ. ಸರ್ವರ್ ಪುಟವನ್ನು ಕಳುಹಿಸಿ ಸುಮ್ಮನಾಗುತ್ತದೆ. ಮುಂದಿನ ಕೋರಿಕೆ ಬಂದಾಗ, ಇದು ಹಿಂದಿನವನೇ ಎಂಬ ನೆನಪು ಅದಕ್ಕೆ ಇರುವುದಿಲ್ಲ. ಈ ಮರೆವಿಗೆ ಪರಿಹಾರವಾಗಿ 1994ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಲೂ ಮಾಂಟುಲಿ 'ಕುಕಿ'ಯನ್ನು ರೂಪಿಸಿದರು. ಇದು ತಾಣವು ನಿಮ್ಮ ಗಣಕದಲ್ಲಿ ಬಿಟ್ಟುಹೋಗುವ ಒಂದು ಪುಟ್ಟ ಚೀಟಿ. ನೀವು ಬರೆದ ದಿನಾಂಕವನ್ನು ಇಂದಿನ ದಿನಾಂಕದಿಂದ ಕಳೆದು, ಉತ್ತರ ಸಾಕಷ್ಟಿದ್ದರೆ 'ಒಳಗೆ ಬಿಡಬಹುದು' ಎಂಬ ಚೀಟಿಯನ್ನು ಇಡಲಾಗುತ್ತದೆ. ಕುಕಿಯನ್ನು ಅಳಿಸಿದರೆ ಪ್ರಶ್ನೆ ಮತ್ತೆ ಬರುತ್ತದೆ. ಕೆಲವು ತಾಣಗಳಲ್ಲಿ ಈ ಲೆಕ್ಕವೆಲ್ಲ ಬ್ರೌಸರ್‌ನಲ್ಲೇ ಮುಗಿಯುತ್ತದೆ. ಕೆಲವುದರಲ್ಲಿ ದಿನಾಂಕ ಸರ್ವರ್‌ವರೆಗೂ ಹೋಗುತ್ತದೆ. ಯಾವುದೆಂದು ಪರದೆಯನ್ನು ನೋಡಿ ಹೇಳಲಾಗದು.

ಗಮನಿಸಿ, ಇಲ್ಲಿ ವ್ಯವಕಲನ ಇದೆ, ಪರೀಕ್ಷೆ ಇಲ್ಲ. ಇದನ್ನು 'ಘೋಷಣೆ' ಎನ್ನಬಹುದೇ ಹೊರತು 'ಪರಿಶೀಲನೆ' ಎನ್ನಲಾಗದು.

ಒಂದು ಬಿಟ್ ಸಾಕು

1948ರಲ್ಲಿ ಕ್ಲಾಡ್ ಶ್ಯಾನನ್ ಮಾಹಿತಿಯನ್ನು ಅಳೆಯುವ ಬಗೆಯನ್ನು ತೋರಿಸಿಕೊಟ್ಟರು. ಹೌದು-ಇಲ್ಲ ಎಂಬ, ಸಮಾನ ಸಾಧ್ಯತೆಯ ಎರಡು ಉತ್ತರಗಳಲ್ಲಿ ಒಂದನ್ನು ತಿಳಿದರೆ ಸಿಗುವ ಮಾಹಿತಿ 1 ಬಿಟ್. 'ಈತನಿಗೆ 18 ತುಂಬಿದೆಯೇ?' ಎಂಬುದಕ್ಕೆ ಉತ್ತರ ಹೆಚ್ಚೆಂದರೆ 1 ಬಿಟ್.

ಈಗ ಜನ್ಮದಿನಾಂಕವನ್ನು ಅಳೆಯೋಣ. 100 ವರ್ಷಗಳಲ್ಲಿ ಸುಮಾರು 36,525 ದಿನಗಳಿವೆ. 2ರ 15ನೆಯ ಘಾತ 32,768; 16ನೆಯ ಘಾತ 65,536. ಆದುದರಿಂದ ಒಂದು ಜನ್ಮದಿನಾಂಕದಲ್ಲಿ 15 ಬಿಟ್‌ಗಿಂತ ತುಸು ಹೆಚ್ಚು ಮಾಹಿತಿ ಇರುತ್ತದೆ. ಬೇಕಾದದ್ದರ ಹದಿನೈದು ಪಟ್ಟನ್ನು ನಾವು ಕೊಡುತ್ತಿದ್ದೇವೆ!

ಅದರಿಂದೇನು ನಷ್ಟ ಎನ್ನಬಹುದು. ಅಮೆರಿಕದ ಗಣಕ ವಿಜ್ಞಾನಿ ಲಟಾನ್ಯಾ ಸ್ವೀನಿ 2000ದಲ್ಲಿ ಅಲ್ಲಿನ ಜನಗಣತಿಯ ಅಂಕಿಅಂಶಗಳನ್ನು ವಿಶ್ಲೇಷಿಸಿ, ಜನ್ಮದಿನಾಂಕ, ಲಿಂಗ ಮತ್ತು ಐದಂಕಿಯ ಅಂಚೆ ಸಂಕೇತ ಈ ಮೂರೇ ಸಾಕು, ಶೇಕಡಾ 87ರಷ್ಟು ಜನರನ್ನು ಪ್ರತ್ಯೇಕವಾಗಿ ಗುರುತಿಸುವ ಸಾಧ್ಯತೆ ಇದೆ ಎಂದು ಅಂದಾಜು ಮಾಡಿದರು. ಹೆಸರು ಹೇಳದಿದ್ದರೂ ಹುಟ್ಟಿದ ದಿನವೇ ಅರ್ಧ ಹೆಸರು ಹೇಳಿಬಿಡುತ್ತದೆ.

ಮುಖ ನೋಡಿ ವಯಸ್ಸು ಹೇಳಬಹುದೇ?

ಈಚಿನ ವರ್ಷಗಳಲ್ಲಿ ಬಂದಿರುವ ಇನ್ನೊಂದು ವಿಧಾನ ಕ್ಯಾಮೆರಾದಲ್ಲಿ ಮುಖ ತೋರಿಸುವುದು. ಲಕ್ಷಾಂತರ ಮುಖಗಳಿಂದ ಕಲಿತ ಕೃತಕ ಬುದ್ಧಿಮತ್ತೆಯ ತಂತ್ರಾಂಶ ವಯಸ್ಸನ್ನು ಅಂದಾಜು ಮಾಡುತ್ತದೆ. ಭೌತವಿಜ್ಞಾನದ ವಿದ್ಯಾರ್ಥಿಗೆ ಇದು ಪರಿಚಿತ ಸನ್ನಿವೇಶ. ಇದೊಂದು ಮಾಪನ, ಪ್ರತಿ ಮಾಪನಕ್ಕೂ ದೋಷವಿರುತ್ತದೆ. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆ 2024ರಲ್ಲಿ ಇಂತಹ ತಂತ್ರಾಂಶಗಳನ್ನು ಪರೀಕ್ಷಿಸಿದಾಗ, ಉತ್ತಮವಾದವುಗಳಲ್ಲೂ ಸರಾಸರಿ ದೋಷ 3 ವರ್ಷದ ಆಸುಪಾಸಿನಲ್ಲಿತ್ತು.

ದೋಷಗಳು ಗಂಟೆಯಾಕಾರದ ಸಾಮಾನ್ಯ ವಿತರಣೆಯನ್ನು ಅನುಸರಿಸುತ್ತವೆ ಎಂದು ಭಾವಿಸಿದರೆ, ಮಾನಕ ವಿಚಲನೆ ಸುಮಾರು 4 ವರ್ಷವಾಗುತ್ತದೆ. 17 ವರ್ಷದ ಹುಡುಗನೊಬ್ಬನನ್ನು ತೆಗೆದುಕೊಳ್ಳೋಣ. ಗಡಿಯನ್ನು 18ಕ್ಕೆ ಇಟ್ಟರೆ, ಯಂತ್ರ ಅವನನ್ನು ವಯಸ್ಕನೆಂದು ಒಳಗೆ ಬಿಡುವ ಸಂಭವನೀಯತೆ ಶೇಕಡಾ 40. ಇದು ನಾಣ್ಯ ಚಿಮ್ಮಿದ್ದಕ್ಕಿಂತ ಸ್ವಲ್ಪವೇ ಮೇಲು. ಗಡಿಯನ್ನು 25ಕ್ಕೆ ಏರಿಸಿದರೆ ಅದು ಶೇಕಡಾ 2.3ಕ್ಕೆ ಇಳಿಯುತ್ತದೆ. ಆದರೆ ಆಗ 22 ವರ್ಷದ ನಿಜವಾದ ವಯಸ್ಕರಲ್ಲಿ ಶೇಕಡಾ 77ರಷ್ಟು ಜನರನ್ನು ಯಂತ್ರ ತಡೆದು, ದಾಖಲೆ ತೋರಿಸಿ ಎನ್ನುತ್ತದೆ. ಬ್ರಿಟನ್ನಿನ ಅಂಗಡಿಗಳಲ್ಲಿ, ಕಾನೂನಿನ ವಯಸ್ಸು 18 ಆಗಿದ್ದರೂ, 25ಕ್ಕಿಂತ ಕಡಿಮೆ ಕಾಣುವವರನ್ನೆಲ್ಲ ಗುರುತಿನ ಚೀಟಿ ಕೇಳುವ ರೂಢಿಯ ಹಿಂದೆ ಇರುವುದೂ ಇದೇ ತರ್ಕ. ಒಂದು ಬಗೆಯ ತಪ್ಪನ್ನು ಒತ್ತಿದರೆ ಇನ್ನೊಂದು ಬಗೆಯ ತಪ್ಪು ಉಬ್ಬುತ್ತದೆ. ಗಡಿಯನ್ನು ಸರಿಸುವುದರಿಂದ ಎರಡನ್ನೂ ಕಳೆಯಲಾಗದು.

ಹಾಗಾದರೆ ಎಲ್ಲರೂ ಗುರುತಿನ ಚೀಟಿಯ ಪ್ರತಿಯನ್ನೇ ಕಳುಹಿಸಲಿ ಎಂದರೆ? ಆಗ ಹೆಸರು, ಭಾವಚಿತ್ರ, ವಿಳಾಸ, ಚೀಟಿಯ ಸಂಖ್ಯೆ ಎಲ್ಲವೂ ಒಬ್ಬ ಮದ್ಯ ತಯಾರಕನ ಸರ್ವರ್‌ನಲ್ಲಿ ಕೂರುತ್ತವೆ. ಪುರಾವೆ ಸಿಕ್ಕಿತು; ಗುಟ್ಟು ಹೋಯಿತು.

ಹೇಳದೆಯೇ ಸಾಬೀತು ಮಾಡುವುದು

ವಯಸ್ಸನ್ನು ಹೇಳದೆ, ಅದು 18ಕ್ಕಿಂತ ಕಡಿಮೆ ಇಲ್ಲ ಎಂದು ಮಾತ್ರ ಸಾಬೀತು ಮಾಡಬಹುದೇ? ಅಸಾಧ್ಯವೆನ್ನಿಸಿದರೂ ಇದು ಸಾಧ್ಯ. ಇದಕ್ಕೆ ಬೇಕಾದದ್ದು 'ಏಕಮುಖ ಫಲನ'. ದೂರವಾಣಿ ಡೈರೆಕ್ಟರಿಯನ್ನು ನೆನಪಿಸಿಕೊಳ್ಳಿ. ಹೆಸರಿನಿಂದ ಸಂಖ್ಯೆ ಹುಡುಕುವುದು ಸುಲಭ. ಸಂಖ್ಯೆಯಿಂದ ಹೆಸರು ಹುಡುಕಲು ಇಡೀ ಪುಸ್ತಕವನ್ನು ತಿರುವಬೇಕು. ಗಣಕಗಳಲ್ಲಿ ಬಳಸುವ 'ಹ್ಯಾಷ್' ಫಲನಗಳೂ ಹೀಗೆಯೇ. ಒಂದು ಸಂಖ್ಯೆಯನ್ನು ಕೊಟ್ಟರೆ ಕ್ಷಣಾರ್ಧದಲ್ಲಿ ಇನ್ನೊಂದು ಸಂಖ್ಯೆ ಬರುತ್ತದೆ. ಬಂದದ್ದರಿಂದ ಕೊಟ್ಟದ್ದಕ್ಕೆ ಹಿಂದಿರುಗಲು ಪ್ರಾಯೋಗಿಕವಾದ ದಾರಿ ಯಾರಿಗೂ ತಿಳಿದಿಲ್ಲ. ಒಮ್ಮೆ ಹ್ಯಾಷ್ ಮಾಡುವುದನ್ನು 'ಒಂದು ಮೆಟ್ಟಿಲು ಇಳಿಯುವುದು' ಎನ್ನೋಣ. ಈ ಮೆಟ್ಟಿಲಿನಲ್ಲಿ ಇಳಿಯಬಹುದು, ಹತ್ತಲಾಗದು.

ರಮಾ ಎಂಬವಳಿಗೆ 21 ವರ್ಷ ಎಂದಿಟ್ಟುಕೊಳ್ಳಿ. ಅವಳ ವಯಸ್ಸು ತಿಳಿದಿರುವ ಸರ್ಕಾರಿ ಕಚೇರಿಯೊಂದು, ಯಾರೂ ಊಹಿಸಲಾಗದ ಒಂದು ದೊಡ್ಡ ಸಂಖ್ಯೆಯನ್ನು ಆರಿಸುತ್ತದೆ. ಅದು ಬೀಜ. ಬೀಜದಿಂದ 21 ಮೆಟ್ಟಿಲು ಇಳಿದಾಗ ಸಿಗುವ ಕೊನೆಯ ಸಂಖ್ಯೆಗೆ ಕಚೇರಿ ತನ್ನ ಡಿಜಿಟಲ್ ಸಹಿ ಹಾಕುತ್ತದೆ. ಬೀಜ ಮತ್ತು ಸಹಿ ಹಾಕಿದ ಕೊನೆಯ ಸಂಖ್ಯೆ ಎರಡನ್ನೂ ರಮಾಳಿಗೆ ಕೊಡುತ್ತದೆ.

ತಾಣ 18 ತುಂಬಿದ್ದಕ್ಕೆ ಪುರಾವೆ ಕೇಳಿದಾಗ, ರಮಾ ಬೀಜದಿಂದ 21 – 18 = 3 ಮೆಟ್ಟಿಲು ಇಳಿದು ಅಲ್ಲಿ ಸಿಕ್ಕ ಸಂಖ್ಯೆಯನ್ನೂ ಸಹಿಯಿರುವ ಕೊನೆಯ ಸಂಖ್ಯೆಯನ್ನೂ ಕೊಡುತ್ತಾಳೆ. ತಾಣ ಅಲ್ಲಿಂದ ತಾನೇ 18 ಮೆಟ್ಟಿಲು ಇಳಿಯುತ್ತದೆ. ಸಹಿಯಿರುವ ಸಂಖ್ಯೆಯೇ ಸಿಕ್ಕರೆ ಪುರಾವೆ ಸರಿ. ರಮಾ ತನ್ನ ಬೀಜದಿಂದ ಎಷ್ಟು ಮೆಟ್ಟಿಲು ಇಳಿದು ಬಂದಳು ಎಂಬುದು ತಾಣಕ್ಕೆ ಗೊತ್ತಾಗದು. ಅವಳಿಗೆ 18 ಆಗಿರಲಿ, 81 ಆಗಿರಲಿ, ಕಾಣುವುದು ಒಂದೇ ತರಹದ ಸಂಖ್ಯೆ.

17 ವರ್ಷದ ರವಿ ಮೋಸ ಮಾಡಬಲ್ಲನೇ? ಅವನ ಬೀಜದಿಂದ ಕೊನೆಯ ಸಂಖ್ಯೆಗೆ ಇರುವುದು 17 ಮೆಟ್ಟಿಲು ಮಾತ್ರ. 18ನ್ನು ತೋರಿಸಲು ಅವನು ಬೀಜಕ್ಕಿಂತ ಒಂದು ಮೆಟ್ಟಿಲು ಮೇಲೆ ನಿಲ್ಲಬೇಕು. ಹತ್ತಲು ಬರುವುದಿಲ್ಲವಲ್ಲ!

ಇದು ಸರಳ ರೂಪ. 1985ರಲ್ಲಿ ಶಾಫಿ ಗೋಲ್ಡ್‌ವಾಸರ್, ಸಿಲ್ವಿಯೊ ಮಿಕಾಲಿ ಮತ್ತು ಚಾರ್ಲ್ಸ್ ರ‍್ಯಾಕಾಫ್ ಮಂಡಿಸಿದ 'ಶೂನ್ಯಜ್ಞಾನ ಪುರಾವೆ'ಯ ಪರಿಕಲ್ಪನೆ ಇದಕ್ಕಿಂತ ಹೆಚ್ಚು ವ್ಯಾಪಕವಾದದ್ದು. ಹೇಳಿಕೆ ನಿಜ ಎಂಬುದರ ಹೊರತು ಬೇರೇನನ್ನೂ ತಿಳಿಸದ ಪುರಾವೆ ಅದು. 2025ರ ಜುಲೈಯಲ್ಲಿ ಐರೋಪ್ಯ ಆಯೋಗವು, ಬೇರೆ ವಿವರ ಕೊಡದೆ 18 ತುಂಬಿದೆ ಎಂದಷ್ಟೇ ತೋರಿಸುವ ಮೊಬೈಲ್ ತಂತ್ರಾಂಶದ ಮಾದರಿಯನ್ನು ಮುಂದಿಟ್ಟು, ಪ್ರಯೋಗಕ್ಕೆ ಡೆನ್ಮಾರ್ಕ್, ಫ್ರಾನ್ಸ್, ಗ್ರೀಸ್, ಇಟಲಿ ಮತ್ತು ಸ್ಪೇನ್‌ಗಳನ್ನು ಆರಿಸಿಕೊಂಡಿತು.

ಉಳಿದಿರುವ ಬಿರುಕುಗಳು

ಗಣಿತ ಎಲ್ಲವನ್ನೂ ಮುಚ್ಚುವುದಿಲ್ಲ. ರಮಾ ಎಲ್ಲ ಕಡೆಯೂ ಒಂದೇ ಸಂಖ್ಯೆಯನ್ನು ತೋರಿಸಿದರೆ, ಇಲ್ಲಿಗೆ ಬಂದವಳೇ ಅಲ್ಲಿಗೂ ಬಂದಳೆಂದು ತಾಣಗಳು ಸೇರಿ ಪತ್ತೆ ಹಚ್ಚಬಹುದು. ಇದನ್ನು ತಪ್ಪಿಸಲು, ಬಸ್ ಟಿಕೆಟ್ಟಿನಂತೆ, ಒಮ್ಮೆ ಬಳಸಿ ಬಿಡುವ ಅನೇಕ ಪುರಾವೆಗಳನ್ನು ಮೊದಲೇ ಕೊಡಬೇಕಾಗುತ್ತದೆ. ಅಕ್ಕನ ಫೋನನ್ನು ತಮ್ಮ ಎತ್ತಿಕೊಂಡರೆ ಪುರಾವೆ ಅಕ್ಕನದು, ಕಣ್ಣು ತಮ್ಮನದು. ಫೋನ್ ಇಲ್ಲದವರಿಗೆ, ದಾಖಲೆ ಇಲ್ಲದವರಿಗೆ ದಾರಿ ಯಾವುದೆಂದೂ ಯೋಚಿಸಬೇಕು.

ನಮಗೆ ಇದು ದೂರದ ಮಾತಲ್ಲ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ 18 ತುಂಬದವರನ್ನು ಮಕ್ಕಳೆಂದು ಪರಿಗಣಿಸುತ್ತದೆ. ಅವರ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಬೇಕು, ಆ ಒಪ್ಪಿಗೆ ಪರಿಶೀಲಿಸಬಹುದಾದದ್ದಾಗಿರಬೇಕು ಎನ್ನುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಒಪ್ಪಿಗೆ ಕೇಳುವ ಮೊದಲು ಎದುರಿಗಿರುವುದು ಮಗುವೇ ಎಂದು ತಿಳಿಯಬೇಕಲ್ಲವೇ? ಹಾಗಾಗಿ ವಯಸ್ಸಿನ ಪ್ರಶ್ನೆ ಮದ್ಯದ ತಾಣಗಳಲ್ಲಷ್ಟೇ ಉಳಿಯದು. ಅದನ್ನು 15 ಬಿಟ್‌ಗಳಲ್ಲಿ ಕೇಳುತ್ತಾರೋ 1 ಬಿಟ್‌ನಲ್ಲಿ ಕೇಳುತ್ತಾರೋ ಎಂಬುದರ ಮೇಲೆ ನಮ್ಮೆಲ್ಲರ ಖಾಸಗಿತನ ನಿಂತಿದೆ.

ಶಿಕ್ಷಕರು ಮೆಟ್ಟಿಲಿನ ಪುರಾವೆಯನ್ನು ತರಗತಿಯಲ್ಲಿ ಮಾಡಿಸಬಹುದು. ಒಬ್ಬ ವಿದ್ಯಾರ್ಥಿ ಕಚೇರಿ, ಒಬ್ಬಳು ರಮಾ, ಒಬ್ಬ ರವಿ, ಒಬ್ಬಳು ತಾಣ. ಗಣಕ ಕೊಠಡಿ ಇದ್ದರೆ ಹ್ಯಾಷ್ ಲೆಕ್ಕ ಮಾಡಲು ಕೆಲವೇ ಸಾಲುಗಳ ಪ್ರೋಗ್ರಾಂ ಸಾಕು.

ನನ್ನ ಸೋದರಳಿಯನಿಗೆ ಇದನ್ನೆಲ್ಲ ಹಾಳೆಯ ಮೇಲೆ ಬರೆದು ತೋರಿಸಿದೆ. ಅವನು ಸ್ವಲ್ಪ ಹೊತ್ತು ಮೆಟ್ಟಿಲುಗಳನ್ನು ಎಣಿಸಿ, "ಹಾಗಾದರೆ ಮಾವ, ನಿಮ್ಮ ಹುಟ್ಟಿದ ದಿನ ಅಲ್ಲಿ ಹಾಕಬಾರದಿತ್ತು" ಎಂದ. ಒಳಗೆ ಹೋಗಬಾರದಿತ್ತು ಎಂದು ಮಾತ್ರ ಹೇಳಲಿಲ್ಲ. ಆ ಪಾಠವನ್ನು ಗಣಿತ ಕಲಿಸಲಾರದು; ಮನೆಯಲ್ಲಿ ನಾವೂ ಶಾಲೆಯಲ್ಲಿ ನೀವೂ ಕಲಿಸಬೇಕು.