ಗಾಳ ಹಿಡಿದು ಕೆರೆಗೆ ಹೊರಡುವ ಮುನ್ನ

ಬಯಲುಸೀಮೆಯ ಕೆರೆಗಳಲ್ಲಿ ಗಾಳಕ್ಕೆ ಬೀಳುವ ದೊಡ್ಡ ಮೀನುಗಳಲ್ಲಿ ಹೆಚ್ಚಿನವು ಆ ಕೆರೆಯಲ್ಲೇ ಹುಟ್ಟಿದವಲ್ಲ. ಕಾಟ್ಲಾ, ರೋಹು, ಮೃಗಾಲ ಎಂಬ ಗೆಂಡೆ ಜಾತಿಯ ಮೂರು ಮೀನುಗಳು ಮೂಲತಃ ಉತ್ತರದ ದೊಡ್ಡ ನದಿಗಳವು. ಮಳೆಗಾಲದ ಹರಿಯುವ ನೀರಿನಲ್ಲಲ್ಲದೆ ನಿಂತ ನೀರಿನಲ್ಲಿ ಅವು ಸಾಮಾನ್ಯವಾಗಿ ಮೊಟ್ಟೆಯಿಡುವುದಿಲ್ಲವಾದ್ದರಿಂದ, 1957ರಲ್ಲಿ ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಅವರು ಮೀನಿನ ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆಗಳಿಂದ ಮೊಟ್ಟೆಯಿಡಿಸುವುದರಲ್ಲಿ ಯಶಸ್ವಿಯಾದ ಮೇಲೆಯೇ ಅವುಗಳ ಮರಿಗಳು ದೇಶದ ಕೆರೆಗಳಿಗೆಲ್ಲ ಧಾರಾಳವಾಗಿ ದೊರೆಯುವಂತಾಯಿತು. ಕೆರೆಗೆ ಮರಿ ಬಿಡುವುದನ್ನು ಮೀನುಗಾರಿಕೆ ಇಲಾಖೆಯ ಕಡತಗಳು 'ಬಿತ್ತನೆ' ಎಂದೇ ಕರೆಯುತ್ತವೆ. ಬಿತ್ತಿದವರಿದ್ದಾರೆಂದ ಮೇಲೆ ಬೆಳೆಗೆ ಒಡೆಯರೂ ಇರುತ್ತಾರೆ; ಹಾಗಾಗಿ ರಜೆಯ ದಿನ ಮೀನು ಹಿಡಿಯಲು ಹೊರಡುವವರು ಮೊದಲು ಕೇಳಿಕೊಳ್ಳಬೇಕಾದದ್ದು ಯಾವ ಎರೆ ಒಯ್ಯಬೇಕೆಂಬುದನ್ನಲ್ಲ, ಕೆರೆಯಲ್ಲಿರುವ ಮೀನು ಯಾರದೆಂಬುದನ್ನು.

ಸಣ್ಣ ಕೆರೆಗಳ ಮೀನಿನ ಹಕ್ಕನ್ನು ಬಹುತೇಕ ಗ್ರಾಮ ಪಂಚಾಯಿತಿಯೂ ದೊಡ್ಡವುಗಳದನ್ನು ಇಲಾಖೆಯೂ ಮೀನುಗಾರರ ಸಹಕಾರ ಸಂಘಕ್ಕೋ ಹರಾಜಿನಲ್ಲಿ ಕೂಗಿದವರಿಗೋ ಗುತ್ತಿಗೆಗೆ ಕೊಡುತ್ತವೆ. ಗುತ್ತಿಗೆದಾರರ ಒಪ್ಪಿಗೆಯನ್ನು ಹಿಂದಿನ ದಿನವೇ ಪಡೆಯುವುದು ಲೇಸು. ಕೆರೆಯ ಏರಿಯ ಮೇಲಿನ ಕಾವಲುಗಾರನೊಂದಿಗೆ ಬೆಳಿಗ್ಗೆ ವಾದಕ್ಕೆ ನಿಂತವರಿಗೆ ಅಂದು ಮೀನೂ ಸಿಗದು, ನೆಮ್ಮದಿಯೂ ಸಿಗದು. ಗುಡವಿಯಂಥ ಪಕ್ಷಿಧಾಮದ ಕೆರೆಗಳತ್ತ ಗಾಳದೊಂದಿಗೆ ಹೋಗುವ ಮಾತೇ ಇಲ್ಲ. ಸಿಡಿಮದ್ದು ಸಿಡಿಸಿ ಅಥವಾ ನೀರಿಗೆ ವಿಷ ಬೆರೆಸಿ ಮೀನು ಹಿಡಿಯುವುದಂತೂ 1897ರ ಮೀನುಗಾರಿಕೆ ಕಾಯಿದೆಯ ಕಾಲದಿಂದಲೂ ಅಪರಾಧವೇ.

ಒಪ್ಪಿಗೆ ದೊರೆತರೂ ಎಲ್ಲ ಕೆರೆಯ ಮೀನೂ ತಿನ್ನಲು ಯೋಗ್ಯವಲ್ಲ. ಊರಿನ ಚರಂಡಿಯೋ ಕಾರ್ಖಾನೆಯ ಕೊಳಕೋ ಸೇರುವ ನೀರಿನಲ್ಲಿ ಸೀಸ, ಪಾದರಸಗಳಂಥ ಲೋಹಗಳು ಮೀನಿನ ದೇಹದಲ್ಲಿ ಉಳಿದುಕೊಳ್ಳಬಲ್ಲವು, ಕುದಿಸಿದರೆ ಅವು ಹೋಗುವುದಿಲ್ಲ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ರಾಶಿರಾಶಿ ಮೀನು ಸತ್ತು ತೇಲಿದ್ದು ಅನೇಕರ ನೆನಪಿನಲ್ಲಿರಬಹುದು. ಇಂಥ ಸಾವುಗಳು ಹೆಚ್ಚಾಗಿ ಬೆಳಗಿನ ಜಾವದಲ್ಲಿ ಕಾಣಿಸಿಕೊಳ್ಳುವುದಕ್ಕೆ ಕಾರಣವಿದೆ: ಹಗಲಿನಲ್ಲಿ ಆಮ್ಲಜನಕವನ್ನು ಬಿಡುವ ಪಾಚಿ ರಾತ್ರಿಯಿಡೀ ಅದನ್ನು ಹೀರುವುದರಿಂದ ಸೂರ್ಯೋದಯಕ್ಕೆ ಮುಂಚೆ ನೀರಿನಲ್ಲಿ ಆಮ್ಲಜನಕ ತೀರ ಕಡಿಮೆಯಿರುತ್ತದೆ. ಕೋಳಿ ಕೂಗುವ ಮೊದಲೇ ದಡ ಸೇರಬೇಕೆಂಬ ನಂಬಿಕೆ ತಿಳಿನೀರಿಗೆ ಸರಿಯೇ. ಹಸಿರುಗಟ್ಟಿದ ಕೆರೆಯಲ್ಲಿ ಮಾತ್ರ ಬಿಸಿಲು ಒಂದಷ್ಟು ಏರುವವರೆಗೆ ಮೀನಿಗೆ ಮೇಯುವ ಹುರುಪೇ ಇರುವುದಿಲ್ಲವಾದ್ದರಿಂದ, ನಿಧಾನವಾಗಿ ತಿಂಡಿ ಮುಗಿಸಿ ಹೊರಟರೂ ನಷ್ಟವಿಲ್ಲ.

ಏಪ್ರಿಲ್ ಹೊತ್ತಿಗೆ ನೀರು ಇಳಿದು ತೂಬಿನ, ಎಂದರೆ ಗದ್ದೆಗೆ ನೀರು ಬಿಡುವ ಕಿಂಡಿಯ, ಮುಂದಿನ ಮಡುವಿಗೆ ಬಂದು ನಿಂತಿರುತ್ತದೆ, ಮೀನೂ ಅಲ್ಲೇ ಒತ್ತಾಗಿರುತ್ತದೆ. ಮೊದಲ ಮಳೆಯ ಕೆಂಪು ನೀರು ಕಾಲುವೆಯಿಂದ ಬಂದು ಬೀಳುವಾಗ ಅದು ಹೊತ್ತು ತರುವ ಹುಳುಹುಪ್ಪಟೆಗಾಗಿ ಮೀನುಗಳು ಆ ಬಾಯಿಗೆ ಬಂದು ಸೇರುತ್ತವೆ. ಗಾಳಿಯೂ ಮೇಲ್ನೀರಿನ ಆಹಾರವನ್ನು ತಾನು ಬೀಸುವ ದಿಕ್ಕಿನ ದಡಕ್ಕೆ ತಳ್ಳುವುದರಿಂದ, ಮುಂಗಾರಿನ ಪಡುವಣ ಗಾಳಿಯಲ್ಲಿ ಮೂಡಣ ದಡವನ್ನು ಹಿಡಿದು ಕೂರುವುದು ಜಾಣತನ.

ಯಾವ ಆಳಕ್ಕೆ ಗಾಳ ಇಳಿಬಿಡಬೇಕೆಂಬುದನ್ನು ಮೀನಿನ ಬಾಯಿಯೇ ಹೇಳುತ್ತದೆ. ಕೆಳದವಡೆ ಮುಂಚಾಚಿ ಬಾಯಿ ಮೇಲ್ಮುಖವಾಗಿರುವ ಕಾಟ್ಲಾ ಮೇಲ್ಪದರದಲ್ಲಿ ಮೇಯುತ್ತದೆ, ರೋಹು ನಡುನೀರಿನದು, ಮೃಗಾಲವೂ ಮೀಸೆಯಿರುವ ಸಾಮಾನ್ಯ ಗೆಂಡೆಯೂ ಕೆಸರು ಕೆದಕುವಂಥವು. ಗೆಂಡೆಗಳಿಗೆ ರಾಗಿ ಹಿಟ್ಟಿಗೆ ಕಡಲೆಕಾಯಿ ಹಿಂಡಿಯನ್ನು ಬೆರೆಸಿ, ನೀರಿನಲ್ಲಿ ಕೂಡಲೇ ಕರಗದಂತೆ ಗಟ್ಟಿಯಾಗಿ ನಾದಿದ ಉಂಡೆ ಒಳ್ಳೆಯದು. ತಂಗಳು ಮುದ್ದೆಯೂ ಆದೀತು. ಉಳಿದವಕ್ಕೆ ಎರೆಹುಳು ಸಾಕು, ಅದರ ಹೆಸರಿನಲ್ಲೇ 'ಎರೆ' ಇದೆಯಲ್ಲ.

ದಾರಕ್ಕೆ ಕಟ್ಟಿ ತೇಲಿಬಿಡುವ ಬೆಂಡನ್ನು ಹಿಂದೆ ಜೋಳದ ದಂಟಿನ ತಿರುಳಿನಿಂದಲೂ ಮಾಡಿಕೊಳ್ಳುತ್ತಿದ್ದರು. ಈಗ ಅಂಗಡಿಯ ಪ್ಲಾಸ್ಟಿಕ್ಕಿಗೂ ಅದೇ ಹೆಸರು ಉಳಿದಿದೆ. ಬೆಂಡಿನ ಚಲನೆಯನ್ನು ಓದಬಲ್ಲವರಿಗೆ ನೀರಿನೊಳಗೆ ನಡೆಯುತ್ತಿರುವುದು ಅರ್ಧ ಗೊತ್ತಾದಂತೆಯೇ. ಅದು ಟಕಟಕನೆ ಕುಣಿದು ಸುಮ್ಮನಾದರೆ ಸಣ್ಣ ಮೀನುಗಳು ಎರೆಯನ್ನು ಕಚ್ಚಿ ಕಚ್ಚಿ ಖಾಲಿ ಮಾಡುತ್ತಿವೆ ಎಂದೂ, ಓರೆಯಾಗಿ ಸರಿಯುತ್ತ ಮುಳುಗಿದರೆ ಮೀನು ಎರೆಯನ್ನು ಕಚ್ಚಿ ಒಯ್ಯುತ್ತಿದೆ ಎಂದೂ ತಿಳಿಯಬಹುದು. ನೆಟ್ಟಗೆ ನಿಂತಿದ್ದ ಬೆಂಡು ಮುಳುಗುವ ಬದಲು ಮೇಲೆದ್ದು ನೀರಿನ ಮೇಲೆ ಅಡ್ಡ ಮಲಗಿದರೆ, ತಳದಲ್ಲಿದ್ದ ಎರೆಯನ್ನು ಗೆಂಡೆಯೊಂದು ಬಾಯಿಗೆ ತೆಗೆದುಕೊಂಡು ತಲೆಯೆತ್ತಿದಾಗ, ಎರೆಯನ್ನು ತಳಕ್ಕಿಳಿಸಲು ದಾರಕ್ಕೆ ಕಟ್ಟಿದ ಸೀಸದ ಗುಂಡೂ ಅದರೊಂದಿಗೆ ಮೇಲೆದ್ದಿದೆ ಎಂದರ್ಥ. ಹೊಸಬರು ಬೆಂಡು ಮುಳುಗಲೆಂದು ಕಾಯುತ್ತ ಆ ಮೀನನ್ನು ಕಳೆದುಕೊಳ್ಳುತ್ತಾರೆ.

ಕಲಿಯುವವರಿಗೆ ಹೇಳಿ ಮಾಡಿಸಿದ್ದು ಜಿಲೇಬಿ ಮೀನು. 1952ರಲ್ಲಿ ಭಾರತಕ್ಕೆ ತಂದ ಮೊಜಾಂಬಿಕ್ ತಿಲಾಪಿಯಕ್ಕೆ ಹಳೇ ಮೈಸೂರಿನ ಕಡೆ ಬಂದ ಹೆಸರಿದು. ಹೆಣ್ಣು ಮೊಟ್ಟೆಮರಿಗಳನ್ನು ಬಾಯಲ್ಲಿಟ್ಟುಕೊಂಡೇ ಕಾಯುವುದರಿಂದ ಯಾರೂ ಬಿತ್ತದೆಯೇ ಕಳೆಯಂತೆ ಹೆಚ್ಚುತ್ತದೆ, ಹೆಚ್ಚಿದಷ್ಟೂ ಗಿಡ್ಡಾಗಿಯೇ ಉಳಿಯುತ್ತದೆ, ಬೆಲೆಯೂ ಕಡಿಮೆ; ಹೀಗಾಗಿ ಅದನ್ನು ಹಿಡಿಯುವುದಕ್ಕೆ ಗುತ್ತಿಗೆದಾರರು ಮುನಿಯುವುದು ಅಪರೂಪ. ಕೊರವ ಮೀನಿನ ವಿಷಯ ಬೇರೆ. ಅದರ ಕೆಂಪು ಮರಿಗಳು ಚೆಂಡಿನಂತೆ ಒಟ್ಟಾಗಿ ಮೇಲ್ನೀರಿಗೆ ಬರುವಾಗ ತಂದೆತಾಯಿ ಕೆಳಗೆ ಕಾವಲಿರುತ್ತವೆ, ಆಗ ಅಲ್ಲಿ ಗಾಳ ಹಾಕಿದರೆ ಇಡೀ ಸಂಸಾರ ಬೇರೆ ಮೀನುಗಳ ಪಾಲಾಗುತ್ತದೆ.

ಹೂಳೆತ್ತಿದ ಗುಂಡಿಗಳು ನೀರಿನಡಿ ಕಾಣದಿರುವುದರಿಂದ ಈಜು ಬಲ್ಲವರೂ ಕೆರೆಯ ಅಂಗಳದಲ್ಲಿ ಮೊಣಕಾಲಿನ ಆಳವನ್ನು ಮೀರಿ ಇಳಿಯಬಾರದು. ಗುಡುಗು ಕೇಳಿದೊಡನೆ ಕೋಲು ಕೆಳಗಿಟ್ಟು ಏರಿಯಿಂದ ಇಳಿಯಬೇಕು. ತುಂಡಾದ ನೈಲಾನ್ ದಾರವನ್ನು ದಡದಲ್ಲಿ ಬಿಟ್ಟರೆ ಕೊಕ್ಕರೆಯ ಕಾಲಿಗೆ ಸುತ್ತಿಕೊಳ್ಳುತ್ತದೆ.

ಕೆರೆಯ ಮೀನಿಗೆ ಇರುವ ಮಣ್ಣಿನ ವಾಸನೆ ಕೆಸರಿನದಲ್ಲ, ಕೆಲವು ನೀಲಿಹಸಿರು ಪಾಚಿಗಳು ಮತ್ತು ಬ್ಯಾಕ್ಟೀರಿಯಗಳು ಹೊರಬಿಡುವ ಜಿಯೋಸ್ಮಿನ್ ಎಂಬ ರಾಸಾಯನಿಕದ್ದು. ಮಳೆ ಬಿದ್ದ ನೆಲದ ಕಂಪಿನಲ್ಲಿಯೂ ಇರುವುದು ಇದೇ. ಹುಳಿಯಲ್ಲಿ ಅದು ಒಡೆಯುತ್ತದೆಯಾದ್ದರಿಂದ, ಮೀನನ್ನು ಹುಣಸೆಹಣ್ಣಿನ ರಸದಲ್ಲಿ ಸ್ವಲ್ಪ ಹೊತ್ತು ನೆನೆಯಿಟ್ಟು ಆಮೇಲೆ ಸಾರಿಗೆ ಹಾಕುವ ಅಡುಗೆಮನೆಯ ರೂಢಿಗೆ ಗಟ್ಟಿಯಾದ ಕಾರಣವೇ ಇದೆ.