ಉಪ್ಪಿನ ಮೇಲೆ ಬೆಂದ ಸಿಹಿ

2020ರಲ್ಲಿ ಕೋವಿಡ್ ಸೋಂಕಿನಿಂದಾಗಿ ಯುಗಾದಿಯ ದಿನವೇ ದೇಶಕ್ಕೆ ಬೀಗ ಬಿತ್ತು. ಸಂತೆ ನಿಂತಿತು, ಬೇಕರಿ ಮುಚ್ಚಿತು, ತೋಟದಲ್ಲಿ ಹಣ್ಣು ಮಾತ್ರ ಯಾರ ಅಪ್ಪಣೆಗೂ ಕಾಯದೆ ಕಳಿಯುತ್ತಿತ್ತು. ಆ ಬೇಸಿಗೆಯಲ್ಲಿ ನಮ್ಮ ಅಡುಗೆಮನೆಗಳು ಕಲಿತ ಹಣ್ಣಿನ ಕೇಕಿನ ಕಸುಬಿನ ಪರಿಚಯ ಇಲ್ಲಿದೆ.

ಪ್ರೆಷರ್ ಕುಕ್ಕರಿನ ವಿಶಲ್ ತೆಗೆದು, ಮುಚ್ಚಳದ ರಬ್ಬರ್ ಬಿಚ್ಚಿಟ್ಟು, ತಳಕ್ಕೆ ಎರಡು ಲೋಟ ಉಪ್ಪು ಸುರಿದು, ಹನಿ ನೀರೂ ಇಲ್ಲದೆ ಒಲೆಯ ಮೇಲಿಡುವುದು! 2020ರ ಮಾರ್ಚ್‌ಗೆ ಮೊದಲು ಸಣ್ಣ ಊರಿನ ಮನೆಯಲ್ಲಿ ಸೊಸೆಯೋ ಮಗಳೋ ಹೀಗೆ ಮಾಡಿದ್ದರೆ ಹಿರಿಯರು ಕುಕ್ಕರ್ ಕಿತ್ತು ಅಟ್ಟಕ್ಕೆ ಸೇರಿಸುತ್ತಿದ್ದರೇನೋ. ಆ ವರ್ಷದ ಮುಂಗಾರು ಶುರುವಾಗುವಷ್ಟರಲ್ಲಿ ಇದು ಮನೆಮನೆಯ ಕೆಲಸವಾಗಿತ್ತು. ಕುಕ್ಕರಿನೊಳಗಿನಿಂದ ಬರುತ್ತಿದ್ದುದು ಬಾಳೆಹಣ್ಣಿನ ಕೇಕು, ಮಾವಿನ ಹಣ್ಣಿನ ಕೇಕು, ಪರಂಗಿ ಹಣ್ಣಿನ ಕೇಕು.

ಅಂಥ ಸಣ್ಣ ಊರುಗಳಲ್ಲೊಂದಾದ ಭರಮಸಾಗರ ಚಿತ್ರದುರ್ಗ ಮತ್ತು ದಾವಣಗೆರೆಯ ನಡುವೆ, ರಾಷ್ಟ್ರೀಯ ಹೆದ್ದಾರಿ 48ರ ಬದಿಯಲ್ಲಿರುವ ಹೋಬಳಿ ಕೇಂದ್ರ. 1689ರಿಂದ 1721ರವರೆಗೆ ಚಿತ್ರದುರ್ಗವನ್ನಾಳಿದ ಭರಮಣ್ಣ ನಾಯಕನ ಹೆಸರನ್ನು ಊರೂ ಊರಿನ ದೊಡ್ಡ ಕೆರೆಯೂ ಹೊತ್ತುಕೊಂಡಿವೆ. ಸುತ್ತಲಿನದು ಮೆಕ್ಕೆಜೋಳ, ಈರುಳ್ಳಿ, ಹತ್ತಿಯ ಹೊಲ. ಹಣ್ಣು ಹೆಚ್ಚಾಗಿ ಬರುವುದು ಚಿತ್ರದುರ್ಗ ಜಿಲ್ಲೆಯ ಉಳಿದ ಮಗ್ಗುಲಿನಿಂದ. ಹಿರಿಯೂರಿನ ದಾಳಿಂಬೆ, ಪರಂಗಿ ಮತ್ತು ಬಾಳೆ, ಹೊಸದುರ್ಗದ ದಾಳಿಂಬೆ ಮತ್ತು ತೆಂಗು, ಹೊಳಲ್ಕೆರೆಯ ಮಾವು. ಸಾಮಾನ್ಯ ವರ್ಷದಲ್ಲಿ ಇದರ ಒಳ್ಳೆಯ ಪಾಲು ಲಾರಿಯೇರಿ ಬೆಂಗಳೂರಿಗೋ ಹೊರರಾಜ್ಯಕ್ಕೋ ಹೋಗುತ್ತದೆ. ಬೆಳೆದ ಜಿಲ್ಲೆಯಲ್ಲೇ ತಿನ್ನುವುದು ಕಡಿಮೆ.

ಲಾರಿ ನಿಂತ ಬೇಸಿಗೆ

2020ರ ಮಾರ್ಚ್ 22ರ ಭಾನುವಾರ ಜನತಾ ಕರ್ಫ್ಯೂ ನಡೆಯಿತು. ಮಾರ್ಚ್ 25ಕ್ಕೆ ದೇಶವ್ಯಾಪಿ ಲಾಕ್‌ಡೌನ್ ಶುರುವಾಯಿತು, ಅಂದೇ ಯುಗಾದಿ. 21 ದಿನಕ್ಕೆಂದು ಹಾಕಿದ ಬೀಗ ಮೇ 3ಕ್ಕೆ, 17ಕ್ಕೆ, ಕೊನೆಗೆ 31ಕ್ಕೆ ಮುಂದೆ ಹೋಯಿತು. ಮೇ ಆರಂಭದ ಪಟ್ಟಿಯಲ್ಲಿ ಚಿತ್ರದುರ್ಗ ಜಿಲ್ಲೆ ಹಸಿರು ವಲಯದಲ್ಲಿತ್ತು. ಆದರೆ ಅದೇ ವಾರ ನೆರೆಯ ದಾವಣಗೆರೆಯಲ್ಲಿ ಸೋಂಕು ಏರತೊಡಗಿತು. ಎರಡು ಊರಿನ ನಡುವೆ ಬದುಕು ಹಂಚಿಕೊಂಡಿದ್ದ ಭರಮಸಾಗರದವರಿಗೆ ಒಂದು ದಿಕ್ಕಿನ ದಾರಿ ತೆರೆದಂತೆ ಕಂಡರೂ ಇನ್ನೊಂದು ದಿಕ್ಕು ಮುಚ್ಚಿಕೊಂಡಿತು.

ಮಾರ್ಚ್‌ನಿಂದ ಮೇ ನಮ್ಮಲ್ಲಿ ಹಣ್ಣಿನ ಕಾಲ. ಕಲ್ಲಂಗಡಿ, ಕರಬೂಜ, ಬಾಳೆ, ಪರಂಗಿ ಎಲ್ಲವೂ ಒಟ್ಟಿಗೆ ಬಂದವು, ಹಿಂದೆಯೇ ಮಾವು. ಕೊಳ್ಳುವವರಿಲ್ಲದೆ ರೈತರು ಕಲ್ಲಂಗಡಿಯನ್ನು ಹೊಲದಲ್ಲೇ ಬಿಟ್ಟರು, ಕೆಲವರು ಊರಿನವರಿಗೆ ಪುಕ್ಕಟೆ ಹಂಚಿದರು. ಬನವಾಸಿ, ಸೊರಬದ ಕಡೆ ಅನಾನಸ್ ಗುಡ್ಡೆ ಬಿತ್ತು. ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಹಣ್ಣು, ತರಕಾರಿ ಬೆಳೆಗಾರರಿಗೆ ಹೆಕ್ಟೇರಿಗೆ 15 ಸಾವಿರ ರೂಪಾಯಿ, ಮೆಕ್ಕೆಜೋಳದ ರೈತರಿಗೆ ತಲಾ 5 ಸಾವಿರ ರೂಪಾಯಿ ಪರಿಹಾರ ಘೋಷಿಸಿತು. ಅಷ್ಟರಲ್ಲಿ ಹಣ್ಣಿನ ಬೆಳೆಯ ದೊಡ್ಡ ಪಾಲು ಮಣ್ಣಿಗೆ ಸೇರಿತ್ತು. ಊರೊಳಗೆ ಉಳಿದದ್ದು ಅಗ್ಗದ, ಮಿತಿಮೀರಿ ಕಳಿತ ಹಣ್ಣು. ಎರಡು ದಿನ ಇಟ್ಟರೆ ಕೊಳೆಯುತ್ತದೆ, ಒಂದೇ ದಿನ ತಿಂದು ಮುಗಿಸಲಾಗದು.

ಇನ್ನೊಂದು ಕಡೆ ಬೇಕರಿಗಳ ಬಾಗಿಲು ಮುಚ್ಚಿತ್ತು. ನಮ್ಮ ಸಣ್ಣ ಊರುಗಳ ಬಸ್ ಸ್ಟ್ಯಾಂಡಿನ ಬಳಿ ಒಂದು ಅಯ್ಯಂಗಾರ್ ಬೇಕರಿ ಇದ್ದೇ ಇರುತ್ತದೆ. ಹಾಸನ ಜಿಲ್ಲೆಯಿಂದ ಹೊರಟವರು ಕಟ್ಟಿದ ಈ ಪರಂಪರೆಯ ಹಳೆಯ ಅಂಗಡಿಗಳಲ್ಲೊಂದು ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ಶುರುವಾದ ಬಿ.ಬಿ. ಬೇಕರಿ. ಮೊಟ್ಟೆ ಹಾಕದ ಕೇಕು, ಖಾರಾ ಬನ್ನು, ದಿಲ್‌ಪಸಂದ್ ಇವನ್ನೆಲ್ಲ ಕರ್ನಾಟಕದ ನಾಲಿಗೆಗೆ ಕಲಿಸಿದ್ದು ಈ ಬೇಕರಿಗಳೇ. ಏಪ್ರಿಲ್‌ನಲ್ಲಿ ಪಾರ್ಸೆಲ್ ಕೊಡಲು ಅನುಮತಿ ಸಿಕ್ಕಿತಾದರೂ ಅನೇಕ ಕಡೆ ಕೆಲಸದ ಹುಡುಗರು ತಮ್ಮ ಊರಿಗೆ ಹೋಗಿಬಿಟ್ಟಿದ್ದರು. ಮಕ್ಕಳು ಮನೆಯಲ್ಲೇ ಇದ್ದರು. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಜೂನ್ 25ಕ್ಕೆ ಹೋಗಿತ್ತು. ಅವರ ಹುಟ್ಟುಹಬ್ಬಗಳೇನೂ ಮುಂದೂಡಲ್ಪಡಲಿಲ್ಲವಲ್ಲ.

ಹೊಸದು ಬಿಸಿ ಮಾತ್ರ

ಕುಕ್ಕರ್ ಕೇಕನ್ನು ಮೊಬೈಲಿನಿಂದ ಬಂದ ಪರದೇಶಿ ತಿಂಡಿ ಎಂದು ತಳ್ಳಿಹಾಕುವವರಿದ್ದಾರೆ. ಒಳಗೆ ಹಾಕುವುದನ್ನು ಒಂದೊಂದಾಗಿ ನೋಡಿದರೆ ಆ ಮಾತು ನಿಲ್ಲುವುದಿಲ್ಲ. ಸತ್ಯನಾರಾಯಣ ಪೂಜೆಯ ಸಪಾದ ಭಕ್ಷ್ಯದಲ್ಲಿ ಏನಿರುತ್ತದೆ? ರವೆ, ಸಕ್ಕರೆ, ತುಪ್ಪ, ಹಾಲು, ಬಾಳೆಹಣ್ಣು. ಎಲ್ಲವೂ ಒಂದೂಕಾಲು ಅಳತೆ. ಮದುವೆಮನೆಯ ಪೈನಾಪಲ್ ಕೇಸರಿಬಾತು, ಬಾಳೆಹಣ್ಣಿನ ರಸಾಯನ, ಮಲೆನಾಡಿನ ಹಲಸಿನ ಹಣ್ಣಿನ ಕಡುಬು ಎಲ್ಲದರಲ್ಲೂ ಹಣ್ಣಿಗೆ ಸಕ್ಕರೆ, ಬೆಲ್ಲದ ಜೊತೆ ಹಳೆಯದು. ನಮ್ಮ ಬಯಲುಸೀಮೆಯಲ್ಲಿ ಬಸವ ಜಯಂತಿಗೆ ಹೋಳಿಗೆ, ಮಾವಿನ ಹಣ್ಣಿನ ಸೀಕರಣೆ ಇಲ್ಲದಿದ್ದರೆ ಹಬ್ಬವೇ ಅಲ್ಲ. 2020ರಲ್ಲಿ ಬಸವ ಜಯಂತಿ ಬಂದದ್ದು ಏಪ್ರಿಲ್ 26ಕ್ಕೆ, ಲಾಕ್‌ಡೌನಿನ ನಟ್ಟನಡುವೆ. ನೆಂಟರು ಬರಲಾಗಲಿಲ್ಲ, ಸೀಕರಣೆ ಮಾತ್ರ ತಪ್ಪಲಿಲ್ಲ.

ನಮ್ಮಲ್ಲಿ ಇಲ್ಲದೆ ಇದ್ದದ್ದು ಒಂದೇ. ಪಾತ್ರೆಯ ಸುತ್ತ ಎಲ್ಲ ಕಡೆಯಿಂದ ಬರುವ ಒಣ ಬಿಸಿ. ನಮ್ಮ ಅಡುಗೆ ಹಬೆಯಲ್ಲಿ ಬೇಯುತ್ತದೆ, ಎಣ್ಣೆಯಲ್ಲಿ ಕರಿಯುತ್ತದೆ, ಹಂಚಿನ ಮೇಲೆ ಒಂದು ಮಗ್ಗುಲು ಸುಡುತ್ತದೆ. ಬೇಕರಿಯ ಭಟ್ಟಿಯಂಥ ಬಿಸಿ ಮನೆಗೆ ಬರಬೇಕಾದರೆ ಓವನ್ ಕೊಳ್ಳಬೇಕು ಎಂದುಕೊಂಡಿದ್ದೆವು. ಅಂಗಡಿಗಳೇ ಮುಚ್ಚಿದ್ದಾಗ ಇರುವ ಪಾತ್ರೆಯಲ್ಲೇ ಅದನ್ನು ಸೃಷ್ಟಿಸುವ ಉಪಾಯ ಬೇಕಾಯಿತು. ಕುಕ್ಕರಿನ ತಳದಲ್ಲಿ ಹರಡಿದ ಉಪ್ಪು ಉರಿಯ ಬಿಸಿಯನ್ನು ಹೀರಿ ಸಮನಾಗಿ ಮೇಲಕ್ಕೆ ಬಿಡುತ್ತದೆ. ದಪ್ಪ ಮುಚ್ಚಳ ಆ ಬಿಸಿಯನ್ನು ಒಳಗೇ ಸುತ್ತಿಸುತ್ತದೆ. ವಿಶಲ್ ತೆಗೆದ ತೂತಿನಿಂದ ಹಿಟ್ಟಿನ ಹಬೆ ಹೊರಗೆ ಹೋಗುತ್ತದೆ. ಹಾಗಾಗಿ ಇಡ್ಲಿಯಂತೆ ಮೆತ್ತಗಾಗುವ ಬದಲು ಮೇಲ್ಮೈ ಕೆಂಪಗಾಗುತ್ತದೆ.

ಮಾಡುವ ಬಗೆ

ಬಾಳೆಹಣ್ಣಿನ ರವೆ ಕೇಕು ಈ ಕಸುಬಿನ ಮೊದಲ ಪಾಠ. ಸಿಪ್ಪೆ ಕಪ್ಪಾದ ಪಚ್ಚಬಾಳೆ ಎರಡು, ಏಲಕ್ಕಿ ಬಾಳೆಯಾದರೆ ನಾಲ್ಕು. ನುಣ್ಣಗೆ ಹಿಸುಕಿ, ಮುಕ್ಕಾಲು ಬಟ್ಟಲು ಪುಡಿಬೆಲ್ಲ, ಅರ್ಧ ಬಟ್ಟಲು ಹುಳಿ ಮೊಸರು, ಕಾಲು ಬಟ್ಟಲು ಕರಗಿಸಿದ ಬೆಣ್ಣೆ ಸೇರಿಸಬೇಕು. ದಾವಣಗೆರೆ ಸೀಮೆಯಲ್ಲಿ ಬೆಣ್ಣೆಗೇನು ಬರ? ಇದಕ್ಕೆ ಒಂದು ಬಟ್ಟಲು ಚಿರೋಟಿ ರವೆ, ಅರ್ಧ ಬಟ್ಟಲು ಗೋಧಿ ಹಿಟ್ಟು, ಎರಡು ಏಲಕ್ಕಿಯ ಪುಡಿ, ಚಿಟಿಕೆ ಉಪ್ಪು ಹಾಕಿ ಕಲಸಿ ಅರ್ಧ ಗಂಟೆ ಮುಚ್ಚಿಡಬೇಕು. ರವೆ ಉಬ್ಬಿ ಹಿಟ್ಟು ಗಟ್ಟಿಯಾಗುತ್ತದೆ. ಆಗ ಹಾಲು ಚಿಮುಕಿಸಿ ಇಡ್ಲಿ ಹಿಟ್ಟಿನ ಹದಕ್ಕೆ ತರಬೇಕು.

ಅಷ್ಟರಲ್ಲಿ ಐದು ಲೀಟರಿನ ಕುಕ್ಕರಿಗೆ ಉಪ್ಪು ಹಾಕಿ, ಅದರ ಮೇಲೆ ಸಣ್ಣ ತಟ್ಟೆಯೊಂದನ್ನು ಬೋರಲು ಇಟ್ಟು, ಮುಚ್ಚಳ ಮುಚ್ಚಿ ಮಧ್ಯಮ ಉರಿಯಲ್ಲಿ ಹತ್ತು ನಿಮಿಷ ಕಾಯಿಸಬೇಕು. ಅಡುಗೆ ಸೋಡಾ ಅರ್ಧ ಚಮಚ ಬೆರೆಸುವುದು ಕಟ್ಟಕಡೆಯಲ್ಲಿ. ಮೊಸರಿನ, ಹಣ್ಣಿನ ಹುಳಿ ತಾಗಿದ ಕ್ಷಣದಿಂದ ಸೋಡಾ ಗಾಳಿಗುಳ್ಳೆ ಬಿಡತೊಡಗುತ್ತದೆ, ತಡ ಮಾಡಿದರೆ ಗುಳ್ಳೆ ಒಡೆದು ಕೇಕು ಚಪ್ಪಟೆಯಾಗುತ್ತದೆ. ಬೆಣ್ಣೆ ಸವರಿದ ಪಾತ್ರೆಗೆ ಹಿಟ್ಟನ್ನು ಅರ್ಧದಿಂದ ಮುಕ್ಕಾಲು ಭಾಗದಷ್ಟೇ ಸುರಿದು, ತಟ್ಟೆಯ ಮೇಲಿಟ್ಟು, ಸಣ್ಣ ಉರಿಯಲ್ಲಿ 40ರಿಂದ 50 ನಿಮಿಷ ಬೇಯಿಸಬೇಕು. ಮೊದಲ ಅರ್ಧ ಗಂಟೆ ಮುಚ್ಚಳ ತೆಗೆದು ನೋಡುವ ಆಸೆ ತಡೆದುಕೊಳ್ಳಬೇಕು. ಕಡ್ಡಿ ಚುಚ್ಚಿದರೆ ಹಿಟ್ಟು ಅಂಟದೆ ಬಂದರೆ ಆಯಿತು. ಪೂರ್ತಿ ಆರಿದ ಮೇಲೆಯೇ ಕೊಯ್ಯುವುದು.

ಎಚ್ಚರಿಕೆಯ ಮಾತು ಎರಡಿವೆ. ರಬ್ಬರ್, ವಿಶಲ್ ಎರಡನ್ನೂ ತೆಗೆಯದೆ ಒಣ ಕುಕ್ಕರ್ ಕಾಯಿಸಬಾರದು. ಒಣ ಬಿಸಿಗೆ ಅಲ್ಯೂಮಿನಿಯಮ್ಮಿನ ಬಣ್ಣ ಕೆಡುತ್ತದೆ, ತಳ ಸೊಟ್ಟಗಾಗಲೂಬಹುದು, ಆದ್ದರಿಂದ ಬೇಳೆ ಬೇಯಿಸುವ ಹೊಸ ಕುಕ್ಕರನ್ನು ಬಿಟ್ಟು ಹಳೆಯದೊಂದನ್ನು ಇದಕ್ಕೇ ಮೀಸಲಿಡುವುದು ಜಾಣತನ. ಒಮ್ಮೆ ಬಳಸಿದ ಉಪ್ಪನ್ನು ಡಬ್ಬಿಯಲ್ಲಿಟ್ಟರೆ ಮುಂದಿನ ಕೇಕಿಗೂ ಆಗುತ್ತದೆ. ಅಡುಗೆಗೆ ಬೇಡ.

ಸೋಡಾ ಸಿಗದ ಮನೆಗಳಲ್ಲಿ ಈನೋ ಬಂತು. ಹೊಟ್ಟೆಯುಬ್ಬರಕ್ಕೆ ತಂದಿಟ್ಟ ಆ ಪೊಟ್ಟಣದಲ್ಲಿ ಇರುವುದು ಸೋಡಾ ಮತ್ತು ಸಿಟ್ರಿಕ್ ಆಮ್ಲ. ಹುಳಿಯೂ ಸೋಡಾವೂ ಒಂದೇ ಕಡೆ ಇರುವುದರಿಂದ ಮೊಸರಿಲ್ಲದೆಯೂ ಹಿಟ್ಟು ಉಬ್ಬುತ್ತದೆ. ಬಿಸ್ಕತ್ತು ಪುಡಿ ಮಾಡಿ, ಹಾಲಿನಲ್ಲಿ ಕಲಸಿ, ಈನೋ ಹಾಕಿ ಬೇಯಿಸಿದ ಮಕ್ಕಳ ಕೇಕು ಆ ದಿನಗಳ ಅತಿ ಸುಲಭದ ಆವಿಷ್ಕಾರ. ಆ ತಿಂಗಳುಗಳಲ್ಲಿ ಪಾರ್ಲೆ-ಜಿ ಬಿಸ್ಕತ್ತು ದಾಖಲೆಯ ಮಾರಾಟ ಕಂಡಿತು.

ಹಣ್ಣಿಗೊಂದು ಗುಣ

ಹಣ್ಣು ಬದಲಾದರೆ ಲೆಕ್ಕ ಬದಲಾಗುತ್ತದೆ. ಬಾಳೆಹಣ್ಣು ಕಳಿತಷ್ಟೂ ಅದರ ಹಿಟ್ಟಿನಂಶ ಸಕ್ಕರೆಯಾಗುತ್ತದೆ. ತಿನ್ನಲು ಬೇಡವೆನಿಸುವ ಹಣ್ಣೇ ಕೇಕಿಗೆ ಶ್ರೇಷ್ಠ, ಬೆಲ್ಲವೂ ಉಳಿಯುತ್ತದೆ. ಪರಂಗಿಯಲ್ಲಿ ನೀರು ಜಾಸ್ತಿ. ತಿರುಳನ್ನು ಬೆಲ್ಲದೊಂದಿಗೆ ಬಾಣಲೆಯಲ್ಲಿ ಗಟ್ಟಿಯಾಗುವವರೆಗೆ ಮಗುಚಿಕೊಂಡರೆ ಮಾತ್ರ ಕೇಕಿನ ನಡುಭಾಗ ಹಸಿಯಾಗಿ ಉಳಿಯುವುದಿಲ್ಲ. ಅದಕ್ಕೆ ತನ್ನದೇ ಪರಿಮಳ ಕಡಿಮೆ, ಹೊಸದುರ್ಗದ ಕೊಬ್ಬರಿಯ ತುರಿ, ಒಣಶುಂಠಿ ಸೇರಿದರೆ ಬೇರೆಯೇ ರುಚಿ. ಮಾವಿನಲ್ಲಿ ರಸಪುರಿ, ಬಾದಾಮಿಯ ರಸ ಚೆನ್ನ. ಅದರ ಹುಳಿ ಸೋಡಾಕ್ಕೆ ಒದಗುವುದರಿಂದ ಮೊಸರು ಕಡಿಮೆ ಸಾಕು. ಅನಾನಸನ್ನು ಹಸಿಯಾಗಿ ಹಾಲು, ಮೊಸರಿಗೆ ಹಾಕಿದರೆ ಅದರಲ್ಲಿರುವ ಕಿಣ್ವ ಹಾಲಿನ ಪ್ರೋಟೀನನ್ನು ಒಡೆದು ಕಹಿ ಮಾಡುತ್ತದೆ. ಸಕ್ಕರೆಯಲ್ಲಿ ಒಂದು ಕುದಿ ಬರಿಸಿದರೆ ಆ ತೊಂದರೆ ಇಲ್ಲ. ಕೇಸರಿಬಾತಿನ ಅಡುಗೆಭಟ್ಟರು ಹಣ್ಣನ್ನು ಮೊದಲೇ ಬೇಯಿಸಿಕೊಳ್ಳುವ ಪದ್ಧತಿ ಇಲ್ಲಿಯೂ ಸಲ್ಲುತ್ತದೆ. ಕಲ್ಲಂಗಡಿ ಮಾತ್ರ ಕೇಕಿಗೆ ಒಗ್ಗದ ಹಣ್ಣು, ಬಿಸಿ ತಾಗಿದರೆ ಬರೀ ನೀರು.

ಹೊರಜಗತ್ತಿನಲ್ಲೂ ಗೆದ್ದದ್ದು ಬಾಳೆಹಣ್ಣೇ. 2020ರ ಏಪ್ರಿಲ್‌ನಲ್ಲಿ ಅಮೆರಿಕ, ಬ್ರಿಟನ್ನಿನಲ್ಲಿ ಜನ ಅಂತರ್ಜಾಲದಲ್ಲಿ ಮುಗಿಬಿದ್ದು ಹುಡುಕಿದ್ದು ಬನಾನಾ ಬ್ರೆಡ್ಡಿನ ವಿಧಾನವನ್ನು. ಅಲ್ಲಿ ಯೀಸ್ಟ್, ಮೈದಾ ಅಂಗಡಿಯಲ್ಲಿ ಸಿಗದಾದವು. ಬನಾನಾ ಬ್ರೆಡ್ ಅಮೆರಿಕದ ಮನೆಗಳಲ್ಲಿ ಬೇರೂರಿದ್ದೂ ಕಷ್ಟಕಾಲದಲ್ಲೇ, 1930ರ ದಶಕದ ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ. ಕಪ್ಪಾದ ಬಾಳೆಹಣ್ಣನ್ನು ಎಸೆಯಲು ಯಾರಿಗೂ ಮನಸ್ಸಿರಲಿಲ್ಲ. ನಮ್ಮ ಮಗ್ಗುಲಿನ ಕೇರಳದಲ್ಲೂ ಇಂಥದೇ ಕಥೆ ಇದೆ. 1883ರಲ್ಲಿ ತಲಶ್ಶೇರಿಯ ಮಾಂಬಳ್ಳಿ ಬಾಪು ಇಂಗ್ಲಿಷ್ ತೋಟದೊಡೆಯನೊಬ್ಬನಿಗಾಗಿ ಕ್ರಿಸ್‌ಮಸ್ ಕೇಕು ಮಾಡಿದಾಗ, ಬ್ರಾಂದಿಯ ಬದಲು ಗೇರುಹಣ್ಣು ಮತ್ತು ಕದಳಿ ಬಾಳೆಯಿಂದ ಇಳಿಸಿದ ಮದ್ಯ ಬಳಸಿದರೆಂದು ಆ ಬೇಕರಿ ಮನೆತನದವರು ಹೇಳುತ್ತಾರೆ. ಇಲ್ಲದ್ದರ ಜಾಗಕ್ಕೆ ಕೈಗೆ ಸಿಕ್ಕಿದ್ದನ್ನು ತರುವುದು ಈ ಕಸುಬಿನ ಹುಟ್ಟುಗುಣ.

ಬೀಗ ತೆಗೆದ ಮೇಲೆ

2021ರ ಏಪ್ರಿಲ್ 27ರ ರಾತ್ರಿಯಿಂದ ರಾಜ್ಯಕ್ಕೆ ಮತ್ತೆ ಬೀಗ ಬಿತ್ತು. ಎರಡನೇ ಅಲೆಯಲ್ಲಿ ಹಾಸಿಗೆ, ಆಮ್ಲಜನಕಕ್ಕೆ ಪರದಾಡಿದ ಮನೆಗಳಲ್ಲಿ ಕೇಕಿನ ಮಾತೇ ಇರಲಿಲ್ಲ. ಆದರೂ ಕಲಿತ ಕೈ ಮರೆಯಲಿಲ್ಲ. ಬೇಕರಿಗಳು ತೆರೆದ ಮೇಲೂ ಕುಕ್ಕರ್ ಕೇಕು ಉಳಿಯಲು ಕಾರಣಗಳಿದ್ದವು. ಮೊಟ್ಟೆಯಿಲ್ಲ ಎಂದು ಕಣ್ಣಾರೆ ಕಂಡ ನಂಬಿಕೆ ಒಂದು. ನಮ್ಮ ಸುತ್ತಿನ ಸಸ್ಯಾಹಾರಿ ಮನೆಗಳಿಗೆ ಇದು ಸಣ್ಣ ಮಾತಲ್ಲ. ಖರ್ಚು ಕಡಿಮೆ ಎಂಬುದು ಎರಡನೆಯದು, ಮಿಕ್ಕ ಹಣ್ಣಿಗೆ ದಾರಿಯಾಯಿತೆಂಬುದು ಮೂರನೆಯದು.

ಇದನ್ನೇ ಚಿಕ್ಕ ಆದಾಯವಾಗಿ ಮಾಡಿಕೊಳ್ಳುವವರಿಗೆ ಕಾನೂನಿನ ದಾರಿಯೂ ಇದೆ. ಮನೆಯಲ್ಲಿ ಮಾಡಿ ಮಾರುವುದಾದರೂ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು. ವರ್ಷದ ವಹಿವಾಟು 12 ಲಕ್ಷ ರೂಪಾಯಿ ಮೀರದ ಸಣ್ಣ ತಯಾರಕರಿಗೆ 2020ರಲ್ಲಿ ವರ್ಷಕ್ಕೆ 100 ರೂಪಾಯಿ ಶುಲ್ಕವಿತ್ತು. ಕಿರು ಆಹಾರ ಉದ್ದಿಮೆಗಳಿಗಾಗಿ ಕೇಂದ್ರ ಸರ್ಕಾರ 2020ರ ಜೂನ್ 29ರಂದು ಆರಂಭಿಸಿದ ಯೋಜನೆಯಲ್ಲಿ ಯಂತ್ರೋಪಕರಣಕ್ಕೆ ಶೇ 35ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ ಸಹಾಯಧನ ಇಡಲಾಯಿತು. ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರ, ಹಣ್ಣಿನ ಸಂಸ್ಕರಣೆಯನ್ನು ದಶಕಗಳಿಂದ ಅಭ್ಯಸಿಸಿರುವ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಇಂಥವರು ಎಡತಾಕಬಹುದಾದ ಬಾಗಿಲುಗಳು. 

2021ರಲ್ಲಿ ತುಂಗಭದ್ರೆಯ ನೀರು ಏತ ನೀರಾವರಿಯಿಂದ ಭರಮಸಾಗರದ ಕೆರೆಗೆ ಬಂತು. ಮೆಕ್ಕೆಜೋಳದ ಹೊಲಗಳ ನಡುವೆ ತೋಟ ಹಬ್ಬುವ ಆಸೆಯೂ ಅದರೊಂದಿಗೆ ಬಂತು. ತೋಟ ಹೆಚ್ಚಿದರೆ ಮಾರುಕಟ್ಟೆ ಕುಸಿದ ದಿನ ಮಿಕ್ಕುವ ಹಣ್ಣೂ ಹೆಚ್ಚು, ಅದನ್ನು ಉಳಿಸಿಕೊಳ್ಳುವ ಕಸುಬು ಮನೆಯಲ್ಲೇ ಇರುವುದು ಒಳ್ಳೆಯದು.

ಈ ಕಸುಬಿನ ಎದುರು ಇನ್ನೂ ಒಂದು ಕಠಿಣ ಲೆಕ್ಕ ಉಳಿದಿದೆ. ಜಿಲ್ಲೆಯ ಹೆಮ್ಮೆಯ ದಾಳಿಂಬೆ ಕೇಕಿಗೆ ಸುಲಭವಾಗಿ ಬಗ್ಗುವುದಿಲ್ಲ. ಅದರ ಕೆಂಪು ಬಣ್ಣ ಸೋಡಾ ತಾಗಿದರೆ ಬೂದಿಗೆ ತಿರುಗುತ್ತದೆ, ಬಿಸಿಗೆ ಕಂದುತ್ತದೆ, ಬೀಜ ಹಲ್ಲಿಗೆ ಗಟ್ಟಿಯಾಗುತ್ತದೆ. ಸದ್ಯದ ಉಪಾಯ ಇಷ್ಟೆ: ರಸವನ್ನು ಸಕ್ಕರೆಯೊಂದಿಗೆ ಕುದಿಸಿ ಪಾಕ ಮಾಡಿ ಬೆಂದ ಕೇಕಿನ ಮೇಲೆ ಸುರಿಯುವುದು, ಬಿಡಿಸಿದ ಕಾಳನ್ನು ತಿನ್ನುವ ಹೊತ್ತಿಗೆ ಉದುರಿಸುವುದು. ಬಣ್ಣ ಕೆಡದಂತೆ ದಾಳಿಂಬೆಯನ್ನು ಹಿಟ್ಟಿನೊಳಗೇ ಬೇಯಿಸುವ ಹದ ಹಿರಿಯೂರಿನ ಯಾವುದಾದರೂ ಅಡುಗೆಮನೆಯಿಂದ ಬಂದರೆ, ಅದು ಈ ಜಿಲ್ಲೆಯದೇ ಕೇಕು ಎಂದು ಎದೆತಟ್ಟಿ ಹೇಳಿಕೊಳ್ಳಬಹುದು.